ಲೈನಿನ ಬಾವಿಗೆ ಕ್ಲೋರಿನ್: ಯಾವುದು, ಎಷ್ಟು, ಹೇಗೆ?

ಮೊನ್ನೆ ಸಂಘದ ಗೋದಾಮಿಗೆ ಮೈಲುತುತ್ತ ಒಯ್ಯಲು ಬಂದ ಸದಸ್ಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರದು ತೋಟದ ಜೊತೆಗೆ ಹೋಂಸ್ಟೇ. ಅತಿಥಿಗಳ ಮಕ್ಕಳಿಗೆಂದು ಅಂಗಳದಲ್ಲಿ ನೆಲದ ಮೇಲೆ ನಿಲ್ಲಿಸುವ ಈಜುತೊಟ್ಟಿಯೊಂದನ್ನು ಇಟ್ಟಿದ್ದಾರೆ. “ತೊಟ್ಟಿಗೆ ತಂದ ಕ್ಲೋರಿನ್ ಬಿಲ್ಲೆ ಅರ್ಧ ಡಬ್ಬಿ ಉಳಿದಿದೆ. ಲೈನಿನ ಬಾವಿಗೆ ಅದನ್ನೇ ಎರಡು ಹಾಕಿದರೆ ಆಗದೇ ಸೆಕ್ರೆಟರಿಗಳೇ?” ಎಂದರು. ಆಗದು. ಏಕೆ ಆಗದು, ಹಾಗಾದರೆ ಏನು ಮಾಡಬೇಕು ಎಂಬುದು ಮಳೆಗಾಲಕ್ಕೆ ಮುಂಚೆ ಎಲ್ಲ ಸದಸ್ಯರಿಗೂ ತಿಳಿದಿರಲೆಂದು ಈ ನಾಲ್ಕು ಮಾತು.

ಈಜುತೊಟ್ಟಿಯ ಬಿಲ್ಲೆಯ ಡಬ್ಬಿಯ ಮೇಲೆ ಸಾಮಾನ್ಯವಾಗಿ ಟಿ.ಸಿ.ಸಿ.ಎ. 90 ಎಂದು ಬರೆದಿರುತ್ತದೆ. ಅದರಲ್ಲಿ ಸುಮಾರು ನೂರಕ್ಕೆ 90ರಷ್ಟು ಕ್ಲೋರಿನ್ ದೊರೆಯುತ್ತದೆ, ನಿಧಾನವಾಗಿ ಕರಗುತ್ತದೆ. ಜೊತೆಗೆ ಸಯನ್ಯೂರಿಕ್ ಆಮ್ಲವೂ ನೀರಿಗೆ ಇಳಿಯುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ತಡೆಯುವುದು ಅದರ ಕೆಲಸ. ಬಯಲಿನ ತೊಟ್ಟಿಗೆ ಇದು ಅನುಕೂಲವೇ. ಆದರೆ ಆ ಆಮ್ಲ ತಾನಾಗಿ ಹೋಗುವುದಿಲ್ಲ, ಹಾಕಿದಷ್ಟೂ ಶೇಖರವಾಗುತ್ತದೆ, ಕೊನೆಗೆ ಕ್ಲೋರಿನ್ನಿನ ಚುರುಕನ್ನೇ ತಗ್ಗಿಸುತ್ತದೆ. ಆದ್ದರಿಂದ ತೊಟ್ಟಿಯ ನೀರನ್ನು ಆಗಾಗ ಒಂದಷ್ಟು ಚೆಲ್ಲಿ ಹೊಸದು ತುಂಬಬೇಕು. ಈಜುವ ನೀರಿಗೆಂದು ತಯಾರಿಸಿದ ಬಿಲ್ಲೆಯನ್ನು ಕುಡಿಯುವ ಬಾವಿಗೆ ಹಾಕುವುದು ಬೇಡ.

ಬಾವಿಗೆ ನಮ್ಮ ಹಳೆಯ ಬ್ಲೀಚಿಂಗ್ ಪುಡಿಯೇ ಸರಿ. ಹೊಸ ಪುಡಿಯಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ಇರುತ್ತದೆ. “ಹೊಸ” ಎಂಬ ಮಾತನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಲ್ಲಿ ಪೆಟ್ಟು ತಿಂದವನು ನಾನು. ಒಂದು ವರ್ಷ ಆಷಾಢದಲ್ಲಿ ನಮ್ಮ ಲೈನಿನ ಬಾವಿಗೆ ತಪ್ಪದೆ ಪುಡಿ ಹಾಕಿಸಿದ್ದೆ. ಆದರೂ ಮೂರು ಮನೆಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಒಂದು ಮಗುವನ್ನು ರಾತ್ರೋರಾತ್ರಿ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದೆವು. ದೇವರ ದಯೆ, ಉಳಿಯಿತು. ಮರುದಿನ ಆರೋಗ್ಯ ಕಾರ್ಯಕರ್ತರು ಬಂದು ಬಾವಿಯ ನೀರು ಪರೀಕ್ಷಿಸಿದರೆ ಕ್ಲೋರಿನ್ನಿನ ಸುಳಿವೇ ಇಲ್ಲ. ಪುಡಿ ಹಿಂದಿನ ಬೇಸಿಗೆಯಲ್ಲಿ ಬಾಯಿ ಬಿಚ್ಚಿದ ಚೀಲದ್ದು. ತೇವಕ್ಕೆ ಗಂಟುಕಟ್ಟಿ, ಸತ್ವವೆಲ್ಲ ಹಾರಿ, ಉಳಿದದ್ದು ಹೆಚ್ಚುಕಡಿಮೆ ಸುಣ್ಣ. ರೈಟರನ್ನು ಬೈದು ಪ್ರಯೋಜನವಿರಲಿಲ್ಲ; ಚೀಲದ ಮೇಲಿನ ತಾರೀಖು ನೋಡದವನು ನಾನೇ.

ಇನ್ನು ಪ್ರಮಾಣ. ದುಂಡು ಬಾವಿಯ ಅಡ್ಡಳತೆಯನ್ನು ಅಡಿಗಳಲ್ಲಿ ಅಳೆದು ಅದರಿಂದಲೇ ಗುಣಿಸಿ. ಬಂದದ್ದನ್ನು ನೀರಿನ ಆಳದಿಂದ, ಮತ್ತೆ 22ರಿಂದ ಗುಣಿಸಿ. ಸುಮಾರಾಗಿ ಅಷ್ಟು ಲೀಟರ್ ನೀರಿದೆಯೆಂದು ತಿಳಿಯಿರಿ. 10 ಅಡಿ ಅಗಲದ ಬಾವಿಯಲ್ಲಿ 12 ಅಡಿ ನೀರಿದ್ದರೆ 26,400 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪುಡಿಯಂತೆ 66 ಗ್ರಾಂ ಬೇಕು. ಅದೇ ಬಾವಿ ಜುಲೈಯಲ್ಲಿ ಉಕ್ಕಿ 20 ಅಡಿಗೆ ಬಂದರೆ 110 ಗ್ರಾಂ. ಬೇಸಿಗೆಯ ಲೆಕ್ಕವನ್ನೇ ಮಳೆಗಾಲಕ್ಕೂ ನಡೆಸುವುದು ನಮ್ಮಲ್ಲಿ ಕಾಣುವ ದೊಡ್ಡ ತಪ್ಪು. ಆಗ ನೀರೂ ಹೆಚ್ಚು, ಕೊಳೆಯೂ ಹೆಚ್ಚು. ಕೊಳೆತ ಎಲೆ, ಕೆಂಪು ಮಣ್ಣು, ಕಬ್ಬಿಣದ ಅಂಶ ಇವೆಲ್ಲ ರೋಗಾಣುವಿಗಿಂತ ಮೊದಲು ಕ್ಲೋರಿನ್ನನ್ನು ನುಂಗುತ್ತವೆ. ಪಲ್ಪರ್ ನೀರಿನ ಗುಂಡಿಯಿಂದ ಒಸರು ಬರುವ ಬಾವಿಯಾದರೆ ಎಷ್ಟು ಪುಡಿ ಸುರಿದರೂ ದಂಡ. ಮೊದಲು ಗುಂಡಿಯನ್ನು ದೂರ ಮಾಡಿ.

ಪುಡಿಯನ್ನು ನೇರವಾಗಿ ಬಾವಿಗೆ ಎರಚಬಾರದು. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಬೆರೆಸಿ ಮೊದಲು ಹಿಟ್ಟಿನಂತೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನಷ್ಟೇ ಬೇರೆ ಬಕೆಟಿಗೆ ಬಗ್ಗಿಸಿ, ಹಗ್ಗದಲ್ಲಿ ನೀರಿನೊಳಕ್ಕೆ ಇಳಿಸಿ ಮೇಲೆ ಕೆಳಗೆ ಜಗ್ಗಾಡಿ. ಬೋರ್ಡೋ ಕಲಸಿದ ಪಾತ್ರೆ ಬೇಡ. ಸಂಜೆ ಕೊನೆಯ ಕೊಡ ಸೇದಿದ ಮೇಲೆ ಹಾಕಿದರೆ ಬೆಳಗಿನವರೆಗೆ ಕೆಲಸ ಮಾಡಲು ಸಮಯ ಸಿಗುತ್ತದೆ. ಎಷ್ಟೇ ಅವಸರವಿದ್ದರೂ ಒಂದು ಗಂಟೆಯೊಳಗೆ ನೀರು ಸೇದಬಾರದು.

ಆಮೇಲೆ ಪರೀಕ್ಷೆ. ನೀರಿಗೆ ಡಿ.ಪಿ.ಡಿ. ಮಾತ್ರೆ ಹಾಕಿದರೆ ಉಳಿದ ಕ್ಲೋರಿನ್ನಿಗೆ ತಕ್ಕಂತೆ ಗುಲಾಬಿ ಬಣ್ಣ ಬರುತ್ತದೆ. ಪೆಟ್ಟಿಗೆಯಲ್ಲಿರುವ ಬಣ್ಣದ ಪಟ್ಟಿಗೆ ಹೋಲಿಸಬೇಕು. ಗಂಟೆಯ ನಂತರವೂ ಲೀಟರಿಗೆ ಅರ್ಧ ಮಿಲಿಗ್ರಾಂ ಉಳಿದಿದ್ದರೆ ಸಾಕು. ಬಣ್ಣ ಬರದಿದ್ದರೆ ಪುಡಿ ಸತ್ತಿದೆ, ಇಲ್ಲವೇ ಪ್ರಮಾಣ ಸಾಲದು. ಮತ್ತೆ ಹಾಕಿ, ಮತ್ತೆ ನೋಡಿ. ವಾಸನೆ ಮೂಸಿ ತೀರ್ಮಾನಿಸುವ ಅಭ್ಯಾಸವನ್ನು ನಾನಂತೂ ಬಿಟ್ಟಿದ್ದೇನೆ. “ಔಷಧಿ ವಾಸನೆ” ಎಂದು ಲೈನಿನವರು ಗೊಣಗಿದರೆ, ಕೊಡದ ನೀರನ್ನು ಒಂದಷ್ಟು ಹೊತ್ತು ತೆರೆದಿಟ್ಟು ಕುಡಿಯಲಿ. ಅವರು ಗೊಣಗಿ ಪಕ್ಕದ ತೋಡಿನ ನೀರಿಗೆ ಹೋದರೆ ನಮ್ಮ ಶ್ರಮವೆಲ್ಲ ವ್ಯರ್ಥ.

ದಾಸ್ತಾನಿನ ವಿಚಾರದಲ್ಲಿ ತುಸು ಹೆದರಿಕೆಯೇ ಇರಲಿ. ಗೊಬ್ಬರದ ಗೋದಾಮಿನಲ್ಲಿ ಯೂರಿಯಾ ಪಕ್ಕಕ್ಕೆ ಬ್ಲೀಚಿಂಗ್ ಪುಡಿ ಇಡುವವರಿದ್ದಾರೆ. ಇವೆರಡೂ ಒದ್ದೆಯಾಗಿ ಬೆರೆತರೆ ಸಿಡಿಯುವಂಥ ವಸ್ತು ಉಂಟಾಗಬಹುದು. ಆಸಿಡ್ ತಾಗಿದರೆ ಉಸಿರು ಕಟ್ಟಿಸುವ ವಿಷಾನಿಲ. ಡೀಸೆಲ್, ಎಣ್ಣೆ ಬಟ್ಟೆ ತಾಗಿದರೆ ಬೆಂಕಿ. ಈಜುತೊಟ್ಟಿಯ ಬಿಲ್ಲೆಯನ್ನೂ ಈ ಪುಡಿಯನ್ನೂ ಬೆರೆಸುವುದಿರಲಿ, ಒಂದೇ ಚಮಚವನ್ನು ಎರಡಕ್ಕೂ ಬಳಸಬಾರದು, ಅದೂ ಹೊತ್ತಿಕೊಳ್ಳಬಲ್ಲದು. ಪುಡಿಗೆ ಬೇರೆಯೇ ಒಣ ಕೋಣೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಇರಲಿ, ತಗಡಿನದು ಬೇಡ.

ದೊಡ್ಡ ಚೀಲ ಅಗ್ಗವೆಂದು ಕೊಂಡು ವರ್ಷವಿಡೀ ಇಡುವುದಕ್ಕಿಂತ, ತಿಂಗಳಿಗೆ ಬೇಕಾದಷ್ಟೇ ಸಣ್ಣ ಪೊಟ್ಟಣ ಒಯ್ಯಿರಿ. ಬಾವಿಯ ಅಗಲವನ್ನು ಕಟ್ಟೆಯ ಮೇಲೆ ಬಣ್ಣದಲ್ಲಿ ಬರೆಸಿ, ಒಳಗೋಡೆಗೆ ಅಡಿಗೊಂದು ಗೆರೆ ಎಳೆಸಿಬಿಟ್ಟರೆ ಆಳ ಓದಿ ಪುಡಿ ತೂಗುವುದು ಮೇಸ್ತ್ರಿಗೂ ಸುಲಭ.