ಆರಿದ ದೀಪದ ಸಾಕ್ಷ್ಯ: ಏರ್‌ಬ್ಯಾಗಿನ ಎಚ್ಚರಿಕೆಯ ದೀಪವನ್ನು ಕುರಿತು

ಇತಿಹಾಸಕಾರರು ಆಕರವೆಂದು ಸಾಮಾನ್ಯವಾಗಿ ಎಣಿಸದ ಒಂದು ಸಾಕ್ಷಿಯನ್ನು ಈ ಲೇಖನದಲ್ಲಿ ಪರೀಕ್ಷಿಸಲು ಉದ್ದೇಶಿಸಿದ್ದೇವೆ. ಈಗಿನ ಕಾರುಗಳಲ್ಲಿ ಚಾಲಕನು ಕೀಲಿಯನ್ನು ತಿರುಗಿಸಿದೊಡನೆ, ಕುಳಿತ ಮನುಷ್ಯನ ಮುಂದೆ ಉಬ್ಬಿದ ಚೆಂಡೊಂದಿರುವ ಚಿತ್ರದ ಸಣ್ಣ ದೀಪವು ಎದುರಿನ ಫಲಕದಲ್ಲಿ ಹೊತ್ತಿಕೊಂಡು, ಕೆಲವು ಸೆಕೆಂಡುಗಳ ತರುವಾಯ ಆರಿಹೋಗುತ್ತದೆ. ಆರಿದುದೇ ಕ್ಷೇಮದ ಗುರುತೆಂದು ನಂಬಿ ಅವನು ಮುಂದೆ ಸಾಗುತ್ತಾನೆ. ಆ ಗುರುತು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು? ಶಾಸನವನ್ನೋ ಕಡತವನ್ನೋ ಮುಂದಿಟ್ಟುಕೊಂಡ ಇತಿಹಾಸದ ವಿದ್ಯಾರ್ಥಿಯು ಕೇಳಬೇಕಾದ ಪ್ರಶ್ನೆಗಳೇ ಇವು. ತಪ್ಪು ಉತ್ತರಕ್ಕೆ ತೆರಬೇಕಾದ ಬೆಲೆ ಮಾತ್ರ ಇಲ್ಲಿ ಬೇರೆ.

ಮೊದಲು ಯಂತ್ರದ ಕಾರ್ಯವನ್ನು ಸಂಗ್ರಹವಾಗಿ ತಿಳಿಯುವುದು ಅವಶ್ಯಕ. ಕಾರು ಬಲವಾಗಿ ಅಪ್ಪಳಿಸಿದಾಗ ಅದರ ವೇಗವು ಥಟ್ಟನೆ ಕುಗ್ಗುವುದನ್ನು ಸಂವೇದಕಗಳು ಅರಿಯುತ್ತವೆ. ನಿಯಂತ್ರಣ ಪೆಟ್ಟಿಗೆಯು ಆ ಆಘಾತವನ್ನು ರಸ್ತೆಯ ಗುಂಡಿಯ ಕುಲುಕಿನಿಂದ ಬೇರ್ಪಡಿಸಿ ಗುರುತಿಸಿ, ಸ್ಟಿಯರಿಂಗ್ ಚಕ್ರದ ನಡುವೆ ಅಡಗಿರುವ ಕಿಡಿಮದ್ದಿಗೆ ವಿದ್ಯುತ್ತನ್ನು ಹಾಯಿಸುತ್ತದೆ. ಕಿಡಿ ತಾಗಿ, ಲೋಹದ ಡಬ್ಬಿಯಲ್ಲಿರುವ ರಾಸಾಯನಿಕ ಬಿಲ್ಲೆಗಳು ಉರಿದು ಅನಿಲವಾಗುತ್ತವೆ. ಮಡಿಸಿಟ್ಟ ಚೀಲವು ಸೆಕೆಂಡಿನ ಸುಮಾರು ಮೂವತ್ತನೆಯ ಒಂದು ಭಾಗದಷ್ಟು ಅವಧಿಯಲ್ಲಿ ಉಬ್ಬಿ ನಿಲ್ಲುತ್ತದೆ. ಕಣ್ಣೆವೆ ಮುಚ್ಚಿ ತೆರೆಯುವುದಕ್ಕೂ ಇದಕ್ಕಿಂತ ಹೆಚ್ಚು ಕಾಲ ಬೇಕು. ಗಾಳಿಚೀಲವೆಂಬ ಅರ್ಥದ ಹೆಸರು ಆದುದರಿಂದ ಸ್ವಲ್ಪ ಮೋಸಗೊಳಿಸುವಂತಹುದು. ಚಾಲಕನ ಎದೆಯ ಮುಂದೆ ಇರುವುದು ಹತೋಟಿಯಲ್ಲಿಟ್ಟ ಒಂದು ಸ್ಫೋಟ.

ಈ ಸಾಧನದ ಚರಿತ್ರೆಯು ಅಮೆರಿಕಕ್ಕೂ ಜರ್ಮನಿಗೂ ಸೇರಿದುದು. ಜರ್ಮನಿಯ ವಾಲ್ಟರ್ ಲಿಂಡರರ್ 1951ರಲ್ಲಿಯೂ, ಅಮೆರಿಕದ ಜಾನ್ ಹೆಟ್ರಿಕ್ 1952ರಲ್ಲಿಯೂ ಪರಸ್ಪರ ಸಂಬಂಧವಿಲ್ಲದೆ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಇಬ್ಬರಿಗೂ 1953ರಲ್ಲಿ ಅದು ದೊರೆಯಿತು. ಇಬ್ಬರೂ ನೆಚ್ಚಿಕೊಂಡಿದ್ದುದು ಒತ್ತಿ ತುಂಬಿದ ಗಾಳಿಯನ್ನು. ಅದು ಬೇಕಾದಷ್ಟು ತ್ವರೆಯಿಂದ ಚೀಲವನ್ನು ತುಂಬಲಾರದು. ಸಂವೇದಕವೂ ರಾಸಾಯನಿಕ ಬಿಲ್ಲೆಯೂ ಸಿದ್ಧವಾಗುವ ಹೊತ್ತಿಗೆ ಹೆಟ್ರಿಕ್ಕನ ಪೇಟೆಂಟಿನ ಅವಧಿಯೇ ಮುಗಿದುಹೋಗಿತ್ತು. ಜನರಲ್ ಮೋಟಾರ್ಸ್ ಸಂಸ್ಥೆಯು 1974ರಿಂದ 1976ರ ವರೆಗಿನ ಮಾದರಿಗಳಲ್ಲಿ ಸುಮಾರು 10,000 ಕಾರುಗಳಿಗೆ ಏರ್‌ಬ್ಯಾಗ್ ಜೋಡಿಸಿ ಮಾರಿ, ಬಳಿಕ ಕೈಬಿಟ್ಟಿತು.

ಅದೇ 1974ರಲ್ಲಿ ನಡೆದ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳದೆ ಇರಲಾಗದು. ಸೀಟುಬೆಲ್ಟನ್ನು ಬಿಗಿದುಕೊಳ್ಳದ ಹೊರತು ಎಂಜಿನ್ನೇ ಚಾಲೂ ಆಗದಂತಹ ಏರ್ಪಾಟು ಆ ವರ್ಷದ ಮಾದರಿಯ ಅಮೆರಿಕದ ಕಾರುಗಳಲ್ಲಿ ಬಂದಿತು. ದಿನಸಿಯ ಚೀಲವನ್ನು ಪಕ್ಕದ ಆಸನದ ಮೇಲಿಟ್ಟರೂ ಅದಕ್ಕೆ ಬೆಲ್ಟು ಬಿಗಿಯಬೇಕಾಗಿ ಬಂದು ಜನ ರೇಗಿದರು. ಆ ವರ್ಷವೇ ಅಮೆರಿಕದ ಕಾಂಗ್ರೆಸ್ಸು ಈ ಏರ್ಪಾಟನ್ನು ಕಡ್ಡಾಯಗೊಳಿಸಕೂಡದೆಂದು ವಿಧಿಸಿ, ಎಚ್ಚರಿಕೆಯ ಸದ್ದು ಎಂಟು ಸೆಕೆಂಡುಗಳನ್ನು ಮೀರುವಂತೆ ನಿಯಮ ಮಾಡಬಾರದೆಂದೂ ಕಟ್ಟು ಹಾಕಿತು. ಕಾರು ತನ್ನ ಯಜಮಾನನಿಗೆ ಎಷ್ಟು ಹೊತ್ತು ಬುದ್ಧಿ ಹೇಳಬಹುದೆಂಬುದನ್ನು ಶಾಸನಸಭೆಯೊಂದು ಸೆಕೆಂಡುಗಳಲ್ಲಿ ಅಳೆದ ಈ ಸಂಗತಿ, ನಮ್ಮ ದೃಷ್ಟಿಯಲ್ಲಿ, ಎಚ್ಚರಿಕೆಗಳ ಚರಿತ್ರೆಯಲ್ಲಿಯೇ ವಿಶಿಷ್ಟವಾದುದು.

ಬೆಲ್ಟು ಬಿಗಿಯದವರನ್ನು ಹೇಗೆ ಉಳಿಸಬೇಕೆಂಬ ಚಿಂತೆಯಿಂದಲೇ ಏರ್‌ಬ್ಯಾಗಿಗೆ ಮರುಜೀವ ಬಂದಿತು. ತಾನಾಗಿ ರಕ್ಷಿಸುವ ಸಾಧನ ಬೇಕೆಂಬ ನಿಯಮವನ್ನು ಸರಕಾರವು ರದ್ದುಗೊಳಿಸಿದುದು ಸಕಾರಣವಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟು 1983ರಲ್ಲಿ ತೀರ್ಪಿತ್ತಿತು. 1991ರ ಕಾನೂನು ಏರ್‌ಬ್ಯಾಗನ್ನು 1998ರ ಮಾದರಿಯಿಂದ ಎಲ್ಲ ಕಾರುಗಳಿಗೂ ಕಡ್ಡಾಯಗೊಳಿಸಿತು. ಆದರೆ ಬೆಲ್ಟಿಲ್ಲದ ವಯಸ್ಕನ ದೇಹವನ್ನು ತಡೆಯಲು ಬೇಕಾದ ಬಲವು ಮಗುವಿನ ಕೊರಳಿಗೆ ಮಾರಕವಾಯಿತು. 1990ರಿಂದ 2008ರ ವರೆಗೆ 290ಕ್ಕೂ ಹೆಚ್ಚು ಜನರು ಏರ್‌ಬ್ಯಾಗ್ ಉಬ್ಬಿದ ಹೊಡೆತದಿಂದಲೇ ಸತ್ತರೆಂದು ಅಲ್ಲಿನ ಹೆದ್ದಾರಿ ಸುರಕ್ಷತೆಯ ಆಡಳಿತವು ಲೆಕ್ಕವಿಟ್ಟಿದೆ. ಇವರಲ್ಲಿ ಬಹುಪಾಲು ಜನರು ಬೆಲ್ಟು ಬಿಗಿಯದವರು ಅಥವಾ ಸರಿಯಾಗಿ ಬಿಗಿಯದವರು. ಇದಕ್ಕೆ ಎದುರಾಗಿ, 1987ರಿಂದ 2017ರ ವರೆಗೆ ಮುಂಭಾಗದ ಏರ್‌ಬ್ಯಾಗುಗಳಿಂದ 50,457 ಜೀವಗಳು ಉಳಿದುವೆಂಬುದು ಅದೇ ಆಡಳಿತದ ಅಂದಾಜು. ಎರಡನ್ನೂ ಒಟ್ಟಿಗೆ ಓದತಕ್ಕದ್ದು. ಬೆಲ್ಟಿಗೆ ಬದಲಾಗಿ ಬಂದ ಸಾಧನವು ಬೆಲ್ಟಿಗೆ ಪೂರಕವಾದ ಸಾಧನವೆಂದು ಹೆಸರು ಪಡೆದುದರ ಹಿನ್ನೆಲೆ ಇದು. ಅನೇಕ ಕಾರುಗಳ ಸ್ಟಿಯರಿಂಗಿನ ಮೇಲೆ ಅಚ್ಚಾಗಿರುವ ಎಸ್.ಆರ್.ಎಸ್. ಎಂಬ ಮೂರಕ್ಷರಗಳಲ್ಲಿ ಮೊದಲನೆಯದರ ಅರ್ಥ 'ಪೂರಕ' ಎಂದೇ. ಎದೆಗೂ ಸ್ಟಿಯರಿಂಗಿನ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕೆಂಬ ಸಲಹೆಯೂ ಈ ಅನುಭವದಿಂದ ಹುಟ್ಟಿದುದೇ.

ಈಗ ದೀಪದ ವಿಷಯ. ವರ್ಷಗಟ್ಟಲೆ ಸುಮ್ಮನೆ ಕುಳಿತು, ಒಂದೇ ಒಂದು ಸಲ ತಪ್ಪದೆ ಕೆಲಸ ಮಾಡಬೇಕಾದ ಯಂತ್ರವನ್ನು ಪ್ರಯೋಗಿಸಿ ನೋಡುವಂತಿಲ್ಲ. ಪ್ರಯೋಗಿಸಿದರೆ ಅದು ಮುಗಿದಂತೆಯೇ. ಆದಕಾರಣ ನಿಯಂತ್ರಣ ಪೆಟ್ಟಿಗೆಯು ಕಿಡಿಮದ್ದನ್ನು ಹೊತ್ತಿಸಲು ಸಾಲದಷ್ಟು ಅಲ್ಪವಾದ ವಿದ್ಯುತ್ತನ್ನು ತಂತಿಗಳಲ್ಲಿ ಹರಿಸಿ, ಅದಕ್ಕೆ ಒದಗುವ ತಡೆಯನ್ನು ಅಳೆಯುತ್ತದೆ. ತಂತಿ ಕಡಿದಿದ್ದರೆ ತಡೆ ಹೆಚ್ಚು, ಒಂದಕ್ಕೊಂದು ತಗುಲಿಕೊಂಡಿದ್ದರೆ ಕಡಿಮೆ. ಎರಡು ಸಂದರ್ಭಗಳಲ್ಲಿಯೂ ದೀಪ ಹೊತ್ತಿಯೇ ಇರುತ್ತದೆ. ಸ್ಟಿಯರಿಂಗಿನೊಳಗೆ ಸುರುಳಿಯಾಗಿ ಸುತ್ತಿರುವ ಪಟ್ಟಿತಂತಿ ಸವೆದು ತುಂಡಾಗುವುದು ಸಾಮಾನ್ಯ ಕಾರಣಗಳಲ್ಲಿ ಒಂದು. ಆಗ ಹಲವು ಕಾರುಗಳಲ್ಲಿ ಹಾರನ್ನೂ ಮೂಕವಾಗುವುದುಂಟು. ಸೀಟಿನ ಕೆಳಗಿನ ಕನೆಕ್ಟರು ಸಡಿಲವಾಗುವುದು ಇನ್ನೊಂದು ಕಾರಣ. ಉರಿಯುತ್ತಲೇ ಇರುವ ದೀಪದ ಅರ್ಥವಾದರೋ ಸ್ಪಷ್ಟ: ಅಪಘಾತವಾದರೆ ಚೀಲವು ಉಬ್ಬದೆ ಇರಬಹುದು. ಕಾರು ಎಂದಿನಂತೆ ಓಡುವುದರಿಂದ ಜನ ಇದನ್ನು ತಿಂಗಳುಗಟ್ಟಲೆ ಅಲಕ್ಷಿಸುತ್ತಾರೆ. ಸ್ವತಃ ಬಿಚ್ಚಿ ನೋಡುವುದಂತೂ ಅಪಾಯಕರ. ಬ್ಯಾಟರಿಯ ತಂತಿಯನ್ನು ಕಳಚಿದ ಮೇಲೂ ಚೀಲವನ್ನು ಹಾರಿಸುವಷ್ಟು ವಿದ್ಯುತ್ತು ನಿಯಂತ್ರಣ ಪೆಟ್ಟಿಗೆಯಲ್ಲಿ ಕೆಲಕಾಲ ಉಳಿದಿರುತ್ತದೆ.

ಹೊತ್ತಿದ ದೀಪವನ್ನು ನಂಬಬಹುದು. ತೊಡಕಿರುವುದು ಆರಿದ ದೀಪದಲ್ಲಿ. ಒಂದು ಶಾಸನದಲ್ಲಿ ಒಂದು ಊರಿನ ಹೆಸರಿಲ್ಲದಿದ್ದರೆ ಆ ಊರೇ ಆಗ ಇರಲಿಲ್ಲವೆಂದು ಹೇಳಲಾಗದಷ್ಟೆ. ಮೌನದಿಂದ ಹೊರಡಿಸುವ ತೀರ್ಮಾನಕ್ಕೆ, ಸಾಕ್ಷಿಯು ಆ ವಿಷಯವನ್ನು ಬಲ್ಲವನಾಗಿದ್ದನೇ ಎಂಬುದು ಮೊದಲು ಸಿದ್ಧವಾಗಬೇಕು. ದೀಪವು ಬಲ್ಲುದು ಮುಖ್ಯವಾಗಿ ವಿದ್ಯುತ್ತಿನ ಹಾದಿಯನ್ನು. ಡಬ್ಬಿಯೊಳಗಿನ ಮದ್ದಿನ ಸ್ಥಿತಿಯನ್ನು ಅದು ಕಂಡಿಲ್ಲ.

ಟಕಾಟಾ ಪ್ರಕರಣದಲ್ಲಿ ಇದು ಭೀಕರವಾಗಿ ರುಜುವಾತಾಯಿತು. ಜಪಾನಿನ ಈ ಸಂಸ್ಥೆಯು ಅನಿಲವನ್ನು ಹುಟ್ಟಿಸಲು ಅಮೋನಿಯಂ ನೈಟ್ರೇಟನ್ನು ಬಳಸಿತು. ಅದು ತೇವವನ್ನು ಹೀರುವ ಪದಾರ್ಥ. ಸೆಖೆಯಲ್ಲಿಯೂ ತಂಪಿನಲ್ಲಿಯೂ ವರ್ಷಗಟ್ಟಲೆ ಹಿಗ್ಗಿ ಕುಗ್ಗಿದ ಬಿಲ್ಲೆಗಳು ತಮ್ಮ ಗಟ್ಟಿತನವನ್ನು ಕಳೆದುಕೊಂಡು, ಹೊತ್ತಿದಾಗ ಅಳತೆ ಮೀರಿದ ವೇಗದಿಂದ ಉರಿದುವು. ಲೋಹದ ಡಬ್ಬಿಯೇ ಸಿಡಿದು ಅದರ ಚೂರುಗಳು ಚೀಲವನ್ನು ಸೀಳಿ ಚಾಲಕರ ಮುಖಕ್ಕೂ ಕೊರಳಿಗೂ ನಾಟಿದುವು. ಹೋಂಡಾ ಸಂಸ್ಥೆಯು ಇಂತಹ ಕಾರುಗಳನ್ನು ಹಿಂದಕ್ಕೆ ಕರೆಯಲು ತೊಡಗಿದುದು 2008ರಲ್ಲಿ. ಅಮೆರಿಕವೊಂದರಲ್ಲಿಯೇ ಸುಮಾರು 6 ಕೋಟಿ 70 ಲಕ್ಷ ಡಬ್ಬಿಗಳನ್ನು ಬದಲಿಸಬೇಕೆಂದು ಗೊತ್ತಾಯಿತು. ಆ ದೇಶದಲ್ಲಿ ಸತ್ತವರು 25ಕ್ಕೂ ಹೆಚ್ಚು. ಸಂಸ್ಥೆಯು ಪರೀಕ್ಷೆಯ ವರದಿಗಳನ್ನು ತಿದ್ದಿ ಗ್ರಾಹಕ ಕಂಪೆನಿಗಳನ್ನು ವಂಚಿಸಿದ ತಪ್ಪನ್ನು 2017ರ ಜನವರಿಯಲ್ಲಿ ಒಪ್ಪಿಕೊಂಡು, ಅದೇ ವರ್ಷ ದಿವಾಳಿಯೆದ್ದಿತು. ಕೆಟ್ಟ ಮದ್ದಿನ ಈ ಡಬ್ಬಿಗಳ ವಿದ್ಯುತ್ತಿನ ಹಾದಿಯಲ್ಲಿ ದೋಷವೇನೂ ಇರಲಿಲ್ಲ. ಆದುದರಿಂದ ಅವುಗಳ ವಿಷಯದಲ್ಲಿ ದೀಪವು ಕ್ರಮವಾಗಿ ಹೊತ್ತಿ ಕ್ರಮವಾಗಿಯೇ ಆರುತ್ತಿತ್ತು.

ಸಾಕ್ಷಿಯನ್ನೇ ಕೆಡಿಸುವ ಮಾರ್ಗವೂ ಒಂದುಂಟು. ಗಂಗರ ತಾಮ್ರಪಟಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟರು ವಾದಿಸಿದುದೂ, ರೈಸರು ಅದನ್ನು ಎದುರಿಸಿದುದೂ ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಮೋಟಾರು ದುರಸ್ತಿಯಲ್ಲಿಯೂ ಕೂಟಸಾಕ್ಷ್ಯವುಂಟು. ಅಪಘಾತದಲ್ಲಿ ಉಬ್ಬಿ ಮುಗಿದ ಏರ್‌ಬ್ಯಾಗಿನ ಸ್ಥಳದಲ್ಲಿ ಹೊಸದನ್ನು ಕೂರಿಸದೆ, ಅಷ್ಟೇ ತಡೆಯುಳ್ಳ ಸಣ್ಣ ರೆಸಿಸ್ಟರೊಂದನ್ನು ತಂತಿಗೆ ಸಿಕ್ಕಿಸಿದರೆ, ಹಾದಿ ಸರಿಯಾಗಿದೆಯೆಂದು ನಿಯಂತ್ರಣ ಪೆಟ್ಟಿಗೆ ಭ್ರಮಿಸುತ್ತದೆ. ಮುಚ್ಚಳದ ಹಿಂದೆ ಏನೂ ಇಲ್ಲ. ದೀಪ ಮಾತ್ರ ಆರಿದೆ! ದೀಪವನ್ನೇ ಕಿತ್ತುಹಾಕುವವರೂ ಇದ್ದಾರೆ. ಕೀಲಿಯನ್ನು ತಿರುಗಿಸಿದಾಗ ಅದು ಮೊದಲು ಹೊತ್ತಲೇಬೇಕೆಂಬ ಏರ್ಪಾಟಿನ ಒಂದು ಪ್ರಯೋಜನವು ಇಲ್ಲಿಯೇ ತೋರುತ್ತದೆ. ಎಂದೂ ಹೊತ್ತದ ದೀಪವನ್ನು ಉರಿಯುತ್ತಲೇ ಇರುವ ದೀಪದಷ್ಟೇ ಸಂಶಯದಿಂದ ನೋಡತಕ್ಕದ್ದು.

ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದ ಕಡ್ಡಾಯವಾಯಿತು. ಮುಂದಿನ ಪಕ್ಕದ ಆಸನಕ್ಕೆ ಹೊಸ ಮಾದರಿಗಳಲ್ಲಿ 2021ರ ಏಪ್ರಿಲಿನಿಂದ ಕಡ್ಡಾಯವಾಯಿತು. ಟಕಾಟಾದ ಡಬ್ಬಿಗಳಿದ್ದ ಕಾರುಗಳನ್ನು ಇಲ್ಲಿಯೂ ಹಿಂದಕ್ಕೆ ಕರೆದುದುಂಟು. ಅಮೆರಿಕದಲ್ಲಿ ಈ ಡಬ್ಬಿಗಳು ಮೊದಲು ಮತ್ತು ಹೆಚ್ಚಾಗಿ ಕೆಟ್ಟುದು ಫ್ಲಾರಿಡಾದಂತಹ ಸೆಖೆಯ ಸೀಮೆಗಳಲ್ಲಿ. ಮಂಗಳೂರು, ಕಾರವಾರಗಳ ಹವೆಯು ಅದಕ್ಕಿಂತ ಒಣಗಿದುದೇನೂ ಅಲ್ಲವೆಂಬುದನ್ನು ಕರಾವಳಿಯ ವಾಚಕರು ನೆನೆಯಬಹುದು. ಕೈಬದಲಾದ ಹಳೆಯ ಕಾರುಗಳ ವಿಷಯದಲ್ಲಿ ಆತಂಕ ಇನ್ನೂ ಹೆಚ್ಚು. ಹಿಂದಕ್ಕೆ ಕರೆಯುವ ಕಾಗದವು ಮೊದಲನೆಯ ಯಜಮಾನನ ವಿಳಾಸಕ್ಕೇ ಹೋಗಿ ನಿಲ್ಲಬಹುದು. ಅಂತಹ ಕಾರನ್ನು ಕೊಳ್ಳುವವರು ನೋಂದಣಿಯ ಪತ್ರದಲ್ಲಿರುವ ಚಾಸಿ ಸಂಖ್ಯೆಯನ್ನು ತಯಾರಕರ ಅಧಿಕೃತ ಸೇವಾಕೇಂದ್ರಕ್ಕೆ ಕೊಟ್ಟು, ಆ ಕಾರಿಗೆ ಇಂತಹ ಕರೆ ಬಂದಿತ್ತೇ, ಬಂದಿದ್ದರೆ ಡಬ್ಬಿಯನ್ನು ಬದಲಿಸಲಾಗಿದೆಯೇ ಎಂದು ವಿಚಾರಿಸತಕ್ಕದ್ದು. ಕರೆಯಿದ್ದು ಬದಲಾವಣೆ ಆಗಿಲ್ಲದಿದ್ದರೆ ಆ ಕೆಲಸವನ್ನು ತಯಾರಕರು ಸಾಮಾನ್ಯವಾಗಿ ಖರ್ಚಿಲ್ಲದೆ ಮಾಡಿಕೊಡುತ್ತಾರೆ.