ಅಡುಗೆಮನೆಯ ನೆಲ

ಕಾಳೀನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆಯಲ್ಲಿ, ಉತ್ತರದ ದಂಡೆಯ ಮೇಲೆ ಸದಾಶಿವಗಡದ ಗುಡ್ಡವು ನಿಂತಿದೆ. ಅದರ ಬಳಿಯಲ್ಲೇ ಗೋವೆಯತ್ತ ಸಾಗುವ ಹೆದ್ದಾರಿಯಿದೆ. ಇಂತಹ ದಾರಿಯ ಖಾನಾವಳಿಯಲ್ಲಿ ಕುಳಿತ ಪ್ರಯಾಣಿಕನಿಗೆ ಬಿಸಿ ಅನ್ನ, ಮೀನಿನ ಸಾರು ಕಾಣುತ್ತವೆ. ಅವನ್ನು ಹೊತ್ತು ತಂದವನ ಕಾಲಡಿಯ ನೆಲ ಕಾಣುವುದಿಲ್ಲ.

ಅಡುಗೆಮನೆಯಲ್ಲಿ ಬೆಂಕಿಗೆ ಎಲ್ಲರೂ ಅಂಜುತ್ತಾರೆ. ನೆಲಕ್ಕೆ ಅಂಜುವವರು ವಿರಳ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ.

ನಡೆಯುವಾಗ ನಮ್ಮನ್ನು ಕಾಯುವುದು ಅಂಗಾಲಿಗೂ ನೆಲಕ್ಕೂ ನಡುವಣ ಘರ್ಷಣೆ. ನೀರು ಅಥವಾ ಎಣ್ಣೆಯ ತೆಳುಪದರವು ನಡುವೆ ಸೇರಿದರೆ ಘರ್ಷಣೆ ಕುಗ್ಗುತ್ತದೆ. ಆಗ ಹಿಮ್ಮಡಿಯು ಮುಂದಕ್ಕೆ ಜಾರಿ, ದೇಹವು ಹಿಂದಕ್ಕೆ ಬೀಳುತ್ತದೆ. ಹೊಸ್ತಿಲನ್ನೋ ಗ್ಯಾಸಿನ ಕೊಳವೆಯನ್ನೋ ಎಡವಿದರೆ ಕಾಲು ತಡೆದು, ದೇಹವು ಮುಂದಕ್ಕೆ ಮುಗ್ಗರಿಸುತ್ತದೆ. ಬಯಲಿನಲ್ಲಿ ಬೀಳುವವನು ಕೈಯೂರಿಯಾನು. ಕುದಿಯುವ ಪಾತ್ರೆಯನ್ನು ಹಿಡಿದವನಿಗೆ ಆ ಆಸರೆಯೂ ಇಲ್ಲ. ಮೂಳೆ ಮುರಿಯುವುದರೊಡನೆ ಮೈಯೂ ಬೇಯುತ್ತದೆ. ಮೀನು ತೊಳೆದ ಲೋಳೆನೀರು, ಬಾಣಲೆಯಿಂದ ಸಿಡಿದ ಎಣ್ಣೆ, ಮಳೆಗಾಲದಲ್ಲಿ ಹಿತ್ತಿಲಿನಿಂದ ಬಂದ ಒದ್ದೆ ಹೆಜ್ಜೆ, ಇವೆಲ್ಲ ಕರಾವಳಿಯ ಅಡುಗೆಮನೆಯ ನಿತ್ಯದ ಸಂಗತಿಗಳು.

ಬಿದ್ದವನನ್ನು ‘ಕಣ್ಣು ಎಲ್ಲಿತ್ತು?’ ಎಂದು ಗದರಿಸುವುದು ಲೋಕರೂಢಿ. ಅವನೂ ಕೆಲಸ ಹೋದೀತೆಂಬ ಭಯದಿಂದ, ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬಂತೆ ನೋವನ್ನು ಮರೆಮಾಚುತ್ತಾನೆ. ನೆಲ ಮಾತ್ರ ಹಾಗೆಯೇ ಉಳಿದು, ಮತ್ತೊಬ್ಬನನ್ನು ಕೆಡಹುತ್ತದೆ.

ಕಾನೂನೂ ಈ ನೆಲವನ್ನು ತಡವಾಗಿ ನೋಡಿತು. ನೆಲದ ಮೇಲೆ ಜಾರಿಸುವ ವಸ್ತುಗಳು ಇರಬಾರದೆಂಬ ಮಾತನ್ನು 1976ರ ತಿದ್ದುಪಡಿಯು 1948ರ ಕಾರ್ಖಾನೆಗಳ ಕಾಯಿದೆಗೆ ಸೇರಿಸಿತು. ಅದೇ ತಿದ್ದುಪಡಿಯು ಹೋಟೆಲು, ಉಪಾಹಾರಗೃಹಗಳನ್ನು ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗಿಟ್ಟಿತು! 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೃತ್ತಿ ಸುರಕ್ಷತಾ ಸಂಹಿತೆಯು ಹತ್ತು ಮತ್ತು ಅದಕ್ಕೂ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ನಾಲ್ಕಾರು ಜನರ ಖಾನಾವಳಿಯು ಸಾಮಾನ್ಯವಾಗಿ ಅದರಿಂದಲೂ ಹೊರಗೆ. ಅಲ್ಲಿ ಕೆಲಸಗಾರನನ್ನು ಕಾಯಬೇಕಾದುದು ಒಡೆಯನ ವಿವೇಕವೇ.

ಉಪಾಯಗಳೇನೂ ದುಬಾರಿಯಲ್ಲ. ಚೆಲ್ಲಿದ್ದನ್ನು ಕೂಡಲೇ ಒರೆಸಬೇಕು. ಎಣ್ಣೆಗೆ ಬರಿಯ ನೀರು ಸಾಲದು; ಸಾಬೂನಿನಿಂದ ತೊಳೆದು ನೆಲವನ್ನು ಒಣಗಿಸಬೇಕು. ಒರಟು ಹಾಸುಗಲ್ಲು, ನೀರು ನಿಲ್ಲದ ಇಳಿಜಾರು, ಸಾಕಷ್ಟು ಬೆಳಕು, ಹಿಡಿತವುಳ್ಳ ಪಾದರಕ್ಷೆ ಇರಬೇಕು. ಭಾರವಾದ ಪಾತ್ರೆಯನ್ನು ಇಬ್ಬರು ಹಿಡಿಯಬೇಕು. ಸುಟ್ಟ ಗಾಯದ ಮೇಲೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಬೇಕು; ಬೆನ್ನಿಗೆ ಪೆಟ್ಟಾದವನನ್ನು ಅವಸರದಿಂದ ಎತ್ತಬಾರದು.

ಉಂಡವರು ಅನ್ನದಾತನನ್ನು ಹರಸುವುದು ನಮ್ಮ ಸಂಪ್ರದಾಯ. ಆ ಹರಕೆಯಲ್ಲಿ ಅನ್ನವನ್ನು ಹೊತ್ತು ತಂದ ಕಾಲುಗಳಿಗೂ ಪಾಲಿರಬೇಕು.