ಟ್ಯಾಂಕರ್ ಹಡಗಿಗೆ ಯಾವ ಎಂಜಿನ್?

ಪ್ರಶ್ನೆ: ಯುದ್ಧನೌಕೆಗಳಿಗೆ ಸಮುದ್ರದಲ್ಲೇ ಇಂಧನ ಒದಗಿಸುವ ಹಡಗುಗಳಿಗೆ ಡೀಸೆಲ್ ಎಂಜಿನ್ ಏಕೆ? ಗ್ಯಾಸ್ ಟರ್ಬೈನ್ ಏಕಿಲ್ಲ?

ಉತ್ತರ: ಟರ್ಬೈನ್ ಹಾಕಿ ನೋಡಿದವರೂ ಇದ್ದಾರೆ. ವಿಮಾನವಾಹಕ ನೌಕೆಗಳ ಜತೆಗೇ ಓಡಬೇಕೆಂದು ಅಮೆರಿಕ ತನ್ನ ಸಪ್ಲೈ ವರ್ಗದ ಹಡಗುಗಳಿಗೆ ನಾಲ್ಕು ನಾಲ್ಕು ಟರ್ಬೈನ್ ಕೂರಿಸಿತು. ವೇಗ 25 ನಾಟ್ ಬಂತು, ಇಂಧನದ ಖರ್ಚೂ ಜೋರಾಯಿತು. ಪೂರ್ತಿ ಹೊರೆಯಲ್ಲಿ ಟರ್ಬೈನ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅರ್ಧ ಹೊರೆಗೆ ಇಳಿಸಿದರೆ ದಕ್ಷತೆ ಕುಸಿಯುತ್ತದೆ. ಪೂರೈಕೆ ಹಡಗಿನ ಬದುಕೆಲ್ಲ ಕಳೆಯುವುದು ನಿಧಾನ ನಡಿಗೆಯಲ್ಲೇ. ಅಲ್ಲಿ ಡೀಸೆಲ್‌ನದೇ ಮೇಲುಗೈ.

ಇಟಲಿಯಲ್ಲಿ ಕಟ್ಟಿ 2011ರಲ್ಲಿ ನಮ್ಮ ನೌಕಾಪಡೆ ಸೇರಿದ ಐಎನ್ಎಸ್ ದೀಪಕ್‌ನಲ್ಲಿ ಎರಡು ಡೀಸೆಲ್ ಎಂಜಿನ್, ಒಂದೇ ಪ್ರೊಪೆಲರ್. ಅದರ ರೆಕ್ಕೆಗಳ ಓರೆಯನ್ನು ಓಡುತ್ತಿರುವಾಗಲೇ ಬದಲಿಸಬಹುದು. ಹಾಗಾಗಿ ಎಂಜಿನ್ನನ್ನು ಅದಕ್ಕೆ ಒಗ್ಗುವ ವೇಗದಲ್ಲೇ ಬಿಟ್ಟು ಹಡಗಿನ ವೇಗ ಹೆಚ್ಚುಕಡಿಮೆ ಮಾಡಲು ಸಾಧ್ಯ.

ಇನ್ನೊಂದು ದಾರಿ ಡೀಸೆಲ್-ಎಲೆಕ್ಟ್ರಿಕ್. ಅಮೆರಿಕದ ಲೂಯಿಸ್ ಆ್ಯಂಡ್ ಕ್ಲಾರ್ಕ್ ವರ್ಗದಲ್ಲಿ ಡೀಸೆಲ್ ಜನರೇಟರುಗಳ ಕರೆಂಟೇ ಪ್ರೊಪೆಲರ್ ತಿರುಗಿಸುತ್ತದೆ, ಪಂಪು, ಶೀತಲಕೋಣೆಗಳನ್ನೂ ನಡೆಸುತ್ತದೆ. ಬೇಕಾದಷ್ಟೇ ಜನರೇಟರ್ ಚಾಲೂ ಇಟ್ಟರಾಯಿತು. ಕರೆಂಟಾಗಿ ಬದಲಿಸುವಾಗ ಒಂದಿಷ್ಟು ಶಕ್ತಿ ಸೋರುತ್ತದೆ ನಿಜ. ಸರಕು ಸಾಗಿಸುವ ಹಡಗಿಗೆ ಆ ನಷ್ಟ ದುಬಾರಿಯಲ್ಲ ಎಂದೇ ನನ್ನ ಎಣಿಕೆ.

ಎಂಜಿನ್ ಯಾವುದೇ ಇರಲಿ, ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 20 ನಾಟ್‌ನಿಂದ 16ಕ್ಕೆ ಇಳಿದರೆ ಅರ್ಧ ಶಕ್ತಿ ಸಾಕು. ಅಷ್ಟೇ ದೂರಕ್ಕೆ ಮೂರನೇ ಒಂದು ಪಾಲು ಇಂಧನ ಉಳಿಯುತ್ತದೆ.